ಖಿನ್ನತೆಯ ಬಗ್ಗೆ ಬರೆದ ಲೇಖಕಿಗೆ

ಮಾನ್ಯರೇ,

‘ಖಿನ್ನತೆ: ಕಾರಣ ಮತ್ತು ಪರಿಹಾರ’ ಎಂಬ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಬರವಣಿಗೆಗೆ ಓಟವಿದೆ, ವಿಷಯದ ಬಗ್ಗೆ ನಿಮಗಿರುವ ಕಾಳಜಿ ನಿಜವಾದದ್ದು. ಆದರೂ ಇದನ್ನು ಹೀಗೆಯೇ ಅಚ್ಚಿಗೆ ಕಳುಹಿಸಲು ನನ್ನಿಂದಾಗದು. ಏಳನೆಯ ಪುಟದಲ್ಲಿ ನಿಮ್ಮ ಅತ್ತಿಗೆಯ ಕುರಿತು ಬರೆದ ನಾಲ್ಕು ಸಾಲುಗಳನ್ನು ಓದಿದ ಮೇಲೆ, ಕಾರಣ ಹೇಳದೆ ಹಿಂದಿರುಗಿಸುವ ಮನಸ್ಸೂ ಆಗಲಿಲ್ಲ.

ಮೊದಲ ಪುಟದ ಮೂರನೆಯ ವಾಕ್ಯವನ್ನೇ ನೋಡಿ: ‘ಖಿನ್ನತೆ ಎಂದರೆ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಕೊರತೆ.’ ಈ ಮಾತು ಎಷ್ಟೋ ವರ್ಷಗಳಿಂದ ಪತ್ರಿಕೆಗಳಲ್ಲಿ ಬರುತ್ತಿದೆ, ನಾವೂ ಅಚ್ಚು ಹಾಕಿದ್ದೇವೆ. ಆದರೆ ಅದು ಊಹೆಯಾಗಿ ಹುಟ್ಟಿದ ಮಾತು. 1950ರ ದಶಕದಲ್ಲಿ ಕ್ಷಯ ರೋಗಿಗಳಿಗೆ ಕೊಟ್ಟ ಇಪ್ರೊನಿಯಾಜಿಡ್ ಎಂಬ ಔಷಧ ಅವರಲ್ಲಿ ಕೆಲವರಿಗೆ ಅನಿರೀಕ್ಷಿತವಾಗಿ ಲವಲವಿಕೆ ತಂದಿತು. ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆಂದು ಪರೀಕ್ಷಿಸುತ್ತಿದ್ದ ಇಮಿಪ್ರಮಿನ್ ಎಂಬ ಔಷಧ ಖಿನ್ನತೆಗೆ ಫಲ ಕೊಡುವುದನ್ನು ಕಂಡ ಸ್ವಿಟ್ಜರ್ಲೆಂಡಿನ ವೈದ್ಯ ರೋಲಂಡ್ ಕೂನ್ ಅದನ್ನು 1957ರಲ್ಲಿ ಪ್ರಕಟಿಸಿದರು. ಔಷಧ ಮೊದಲು ಸಿಕ್ಕಿತು, ಅದು ಹೇಗೆ ಕೆಲಸ ಮಾಡುತ್ತದೆಂಬ ವಿವರಣೆಯನ್ನು ಆಮೇಲೆ ಕಟ್ಟಲಾಯಿತು. ಇಂದಿನ ಮಾತ್ರೆಗಳು ಸೆರೊಟೋನಿನ್ ಮೇಲೆ ಕೆಲವೇ ಗಂಟೆಗಳಲ್ಲಿ ಪರಿಣಾಮ ಬೀರಲಾರಂಭಿಸಿದರೂ ಮನಸ್ಸು ಹಗುರಾಗಲು ವಾರಗಳು ಬೇಕಾಗುತ್ತವೆ. ಕೊರತೆ ತುಂಬುವುದಷ್ಟೇ ಅವುಗಳ ಕೆಲಸವಾಗಿದ್ದರೆ ಈ ಅಂತರ ಇರುತ್ತಿರಲಿಲ್ಲ. ಮಾತ್ರೆಗಳಿಂದ ಉಪಯೋಗವಿಲ್ಲವೆಂದು ನಾನು ಹೇಳುತ್ತಿಲ್ಲ. ಅವುಗಳಿಂದ ಚೇತರಿಸಿಕೊಂಡವರು ಅಸಂಖ್ಯ. ನಿಮ್ಮ ವಿವರಣೆ ಸರಿಯಲ್ಲ, ಅಷ್ಟೆ.

ಅದರ ಬೆನ್ನಿಗೇ ಬರುವ ‘ಮಾತ್ರೆ ಸೇವಿಸಿದರೆ ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ’ ಎಂಬ ವಾಕ್ಯವಂತೂ ಅಪಾಯಕಾರಿ. ಹೊಟ್ಟೆ ತೊಳಸುವುದು, ತಳಮಳ, ನಿದ್ದೆಯ ಏರುಪೇರು ಇವೆಲ್ಲ ಮೊದಲ ವಾರದಲ್ಲೇ ಬರಬಹುದು. ಉಪಶಮನ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಪೂರ್ಣ ಫಲಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಇದು ತಿಳಿಯದ ರೋಗಿ ಹತ್ತನೆಯ ದಿನಕ್ಕೆ ‘ನನ್ನ ಹಣೆಬರಹವೇ ಇಷ್ಟು’ ಎಂದುಕೊಂಡು ಮಾತ್ರೆ ನಿಲ್ಲಿಸುತ್ತಾನೆ. ಮೊದಲ ಔಷಧದಿಂದಲೇ ಪೂರ್ತಿ ಗುಣವಾದವರು ಸುಮಾರು ಮೂರನೆಯ ಒಂದು ಭಾಗ ಮಾತ್ರ ಎಂದು ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಎರಡನೆಯ ಔಷಧಕ್ಕೆ ಹೋಗುವುದು ಸೋಲಲ್ಲ, ಚಿಕಿತ್ಸೆಯ ಸಹಜ ಹೆಜ್ಜೆ. ಗುಣವಾದ ಮೇಲೂ ಆರು ತಿಂಗಳಾದರೂ ಮಾತ್ರೆ ಮುಂದುವರಿಸುವುದೂ ಅಷ್ಟೇ ಮುಖ್ಯ. ಈ ಮಾತುಗಳು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ.

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಎರಡನೆಯ ಪುಟದ ವಾಕ್ಯ: ‘ಖಿನ್ನತೆಗೊಳಗಾದವರು ಕತ್ತಲೆ ಕೋಣೆಯಲ್ಲಿ ಕುಳಿತು ಸದಾ ಅಳುತ್ತಿರುತ್ತಾರೆ.’ ಇದನ್ನು ಓದಿದಾಗ ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳು ಕಣ್ಣ ಮುಂದೆ ಬಂದವು. ಆರೋಗ್ಯದ ಪ್ರಶ್ನೋತ್ತರ ಅಂಕಣಕ್ಕೆ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರಗಳನ್ನು ಸಂಕ್ಷೇಪಿಸಿ, ಉತ್ತರ ಬರೆಯುವ ಮನೋವೈದ್ಯರಿಗೆ ಕಳುಹಿಸುವುದು ನನ್ನ ಕೆಲಸ. ಓದುಗರಾರೂ ‘ಖಿನ್ನತೆ’ ಎಂದು ಬರೆಯುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಸಂಜೆಯಾದರೆ ತುಸು ಪರವಾಗಿಲ್ಲ. ತಲೆ ಭಾರ, ಮೈಯೆಲ್ಲ ಉರಿ. ಊಟ ಮಣ್ಣು ತಿಂದಂತೆ. ಹೀಗೆ ಬರೆಯುತ್ತಿದ್ದರು. ನಾನು ಇದನ್ನೆಲ್ಲ ಹೊಡೆದುಹಾಕಿ ‘ನಾನು ಖಿನ್ನತೆಯಿಂದ ಬಳಲುತ್ತಿದ್ದೇನೆ, ಪರಿಹಾರ ತಿಳಿಸಿ’ ಎಂದು ಒಂದು ಸಾಲಿಗೆ ಇಳಿಸಿದೆ. ವೈದ್ಯರು ಇಡೀ ಕಟ್ಟನ್ನು ಹಿಂದಿರುಗಿಸಿ, ಮೂಲ ಪತ್ರಗಳನ್ನೇ ಕಳುಹಿಸಬೇಕೆಂದೂ ರೋಗವನ್ನು ತಾವು ಗುರುತಿಸುವುದೇ ನಾನು ಹೊಡೆದುಹಾಕಿದ ಸಾಲುಗಳಿಂದ ಎಂದೂ ಬರೆದರು. ಆ ಚೀಟಿ ಬಹಳ ಕಾಲ ನನ್ನ ಮೇಜಿನ ಮೇಲಿತ್ತು.

ಅವರ ಮಾತಿನ ಅರ್ಥ ನನಗೆ ನಿಧಾನವಾಗಿ ತಿಳಿಯಿತು. ಬೆಳಗಿನ ಜಾವದ ಎಚ್ಚರ, ಬೆಳಿಗ್ಗೆ ಹೆಚ್ಚುವ ಸಂಕಟ, ಮೊಮ್ಮಗು ಮಡಿಲಿಗೆ ಬಂದರೂ ಅರಳದ ಮನಸ್ಸು ಒಂದು ಬಗೆಯ ಖಿನ್ನತೆಯನ್ನು ಸೂಚಿಸಿದರೆ, ಅತಿಯಾದ ನಿದ್ದೆ, ಅತಿಯಾದ ಹಸಿವು, ಸೀಸ ತುಂಬಿದಂತೆ ಭಾರವಾದ ಕೈಕಾಲುಗಳು ಇನ್ನೊಂದು ಬಗೆಯನ್ನು ಸೂಚಿಸುತ್ತವೆ. ಎರಡು ವರ್ಷಕ್ಕೂ ಮೀರಿ ಮಂದವಾಗಿ ಉರಿಯುತ್ತಲೇ ಇರುವ ಡಿಸ್ಥೈಮಿಯಾ ಎಂಬ ಖಿನ್ನತೆಯನ್ನು ಮನೆಯವರು ‘ಅವನ ಸ್ವಭಾವವೇ ಹಾಗೆ’ ಎಂದು ಬಿಟ್ಟುಬಿಡುತ್ತಾರೆ. ಹಿಂದೆಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಹುರುಪು, ಮಿತಿಯಿಲ್ಲದ ಮಾತು, ಕೈಮೀರಿದ ಖರ್ಚು ಕಂಡಿದ್ದರೆ ಅದು ಬೈಪೋಲಾರ್ ಕಾಯಿಲೆಯ ಖಿನ್ನತೆಯಾಗಿರಬಹುದು. ಅಲ್ಲಿ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿರುವುದರಿಂದ ಲಿಥಿಯಂನಂತಹ ಔಷಧ ಬೇಕಾಗುತ್ತದೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದಾಗಲೂ ಖಿನ್ನತೆಯ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ, ಅದಕ್ಕೆ ರಕ್ತ ಪರೀಕ್ಷೆ ಆಗಬೇಕು. ನಿಮ್ಮ ಕತ್ತಲೆ ಕೋಣೆಯ ಚಿತ್ರವನ್ನು ನಂಬಿದ ಓದುಗ, ಅಳದೆ, ಕೆಲಸಕ್ಕೆ ಹೋಗುತ್ತ, ಮೈಯುರಿಗೆಂದು ಡಾಕ್ಟರಿಂದ ಡಾಕ್ಟರಿಗೆ ಅಲೆಯುತ್ತಿರುವ ತನ್ನ ತಂದೆಯಲ್ಲಿ ಈ ಕಾಯಿಲೆಯನ್ನು ಹೇಗೆ ಗುರುತಿಸಬೇಕು? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆಗೆ ಒಳಗಾದವರು. ಚಿಕಿತ್ಸೆ ಸಿಗದವರೇ ಅವರಲ್ಲಿ ಹೆಚ್ಚು.

ಈಗ ನಿಮ್ಮ ಅತ್ತಿಗೆಯ ವಿಷಯ. ಹೆರಿಗೆಯಾದ ಮೂರನೆಯ ತಿಂಗಳಲ್ಲಿ ಅವರು ಮಗುವಿಗೆ ಹಾಲೂಡುತ್ತಿದ್ದರು, ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರು, ಆದರೆ ಅದರ ಮುಖ ನೋಡುತ್ತಿರಲಿಲ್ಲ ಎಂದು ಬರೆದಿದ್ದೀರಿ. ಈ ಹಸ್ತಪ್ರತಿಯಲ್ಲಿ ನೀವೇ ಕಣ್ಣಾರೆ ಕಂಡು ಬರೆದ ಜಾಗ ಇದೊಂದೇ. ಮನೆಯವರು ಅದನ್ನು ‘ಬಾಣಂತಿ ಸನ್ನಿ’ ಎಂದರು, ನೀವೂ ಆ ಪದವನ್ನು ಪ್ರಶ್ನಿಸದೆ ಮುಂದಕ್ಕೆ ಹೋದಿರಿ. ಅಲ್ಲಿ ನಿಲ್ಲಬೇಕಿತ್ತು. ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಅಳು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇಲ್ಲದ ದನಿ ಕೇಳಿಸುವುದು, ವಿಪರೀತ ಸಂಶಯ, ದಿಕ್ಕು ತೋಚದ ಗೊಂದಲ ಹಠಾತ್ತನೆ ಶುರುವಾದರೆ ಅದು ಸನ್ನಿ. ತಾಯಿ ಮಗು ಇಬ್ಬರ ಜೀವದ ಪ್ರಶ್ನೆಯಾದ್ದರಿಂದ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ನೀವು ವರ್ಣಿಸಿದ್ದು ಇವೆರಡೂ ಅಲ್ಲದ, ಬಾಣಂತಿಯರ ಖಿನ್ನತೆಯಂತೆ ತೋರುತ್ತದೆ. ಅದನ್ನು ಪತ್ತೆಹಚ್ಚಲೆಂದೇ 1987ರಲ್ಲಿ ಎಡಿನ್‌ಬರೋದಲ್ಲಿ ಹತ್ತು ಪ್ರಶ್ನೆಗಳ ಪಟ್ಟಿಯೊಂದು ರೂಪುಗೊಂಡಿತು. ಕನ್ನಡದಲ್ಲೂ ಅದು ಬಳಕೆಯಲ್ಲಿದೆ. ಆಪ್ತಸಮಾಲೋಚನೆ, ಮನೆಯವರ ನೆರವು, ಅಗತ್ಯವಿದ್ದಲ್ಲಿ ಮೊಲೆಯುಣಿಸುವಾಗಲೂ ವೈದ್ಯರು ಆರಿಸಿ ಕೊಡಬಹುದಾದ ಔಷಧ, ಇವು ಅದರ ಚಿಕಿತ್ಸೆ.

ಲೇಖನದ ಉಳಿದ ಭಾಗಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಅತ್ತಿಗೆಯವರನ್ನು ಕೇಳಿ, ಅವರು ಒಪ್ಪಿದರೆ, ಗುರುತು ಸಿಗದಂತೆ, ಆ ನಾಲ್ಕು ಸಾಲುಗಳಿಂದಲೇ ಲೇಖನವನ್ನು ಆರಂಭಿಸಿ, ಅವರು ತಮ್ಮ ಸಂಕಟವನ್ನು ಯಾವ ಮಾತಿನಲ್ಲಿ ಹೇಳಿಕೊಂಡರೋ ಅದೇ ಮಾತಿನಲ್ಲಿ ಬರೆಯಿರಿ. ಕೊನೆಯಲ್ಲಿ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಇರಲಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಅದಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು ಎಂಬುದನ್ನೂ ಸೇರಿಸಿ. ಅವರು ಒಪ್ಪದಿದ್ದರೆ ನನಗೊಂದು ಸಾಲು ಬರೆಯಿರಿ, ಬೇರೆ ದಾರಿಯನ್ನು ಒಟ್ಟಿಗೆ ಯೋಚಿಸೋಣ.

ಇಂತು,
ಸಂಪಾದಕ