ಕ್ಷಮೆ ಸಿಕ್ಕಿದ ಮೇಲೂ ದುಡ್ಡು ವಾಪಸ್ ಕೊಡಬೇಕಾ?

ಪ್ರಶ್ನೆ: ಮದುವೆಗೆ ಮುಂಚೆ ಬಟ್ಟೆ ಅಂಗಡಿಯೊಂದರಲ್ಲಿ ಕ್ಯಾಶ್ ನೋಡಿಕೊಳ್ಳುತ್ತಿದ್ದೆ. ಅಮ್ಮನ ಆಸ್ಪತ್ರೆ ಖರ್ಚಿಗೆಂದು ಸ್ವಲ್ಪ ಸ್ವಲ್ಪವಾಗಿ 18,000 ರೂಪಾಯಿ ತೆಗೆದೆ. ಯಾರಿಗೂ ಗೊತ್ತಾಗಲಿಲ್ಲ. ದೇವರ ಮುಂದೆ ಅತ್ತು ಕ್ಷಮೆ ಕೇಳಿದ್ದೇನೆ. ‘ನಾವೀಗ ಧರ್ಮಶಾಸ್ತ್ರದ (ಮೋಶೆಯ ಕಟ್ಟಳೆಗಳ) ಕೆಳಗಿಲ್ಲ, ಕೃಪೆಯ ಕೆಳಗಿದ್ದೇವೆ, ಅದನ್ನು ಮರೆತುಬಿಡು’ ಅಂತಾರೆ ಪ್ರಾರ್ಥನಾ ಕೂಟದ ಅಕ್ಕ. ಆದರೂ ನಿದ್ದೆ ಬರುವುದಿಲ್ಲ. ನನ್ನ ನಂಬಿಕೆ ಕಮ್ಮಿಯಾ?

ಉತ್ತರ: ಇಲ್ಲ ತಂಗಿ, ಕಮ್ಮಿಯಿಲ್ಲ. ಅಂಗಡಿಯವರ ದುಡ್ಡು ಇನ್ನೂ ನಿಮ್ಮ ಹತ್ತಿರವೇ ಇದೆ. ನಿಮ್ಮ ಮನಸ್ಸಿಗೆ ಅದು ಗೊತ್ತು, ಅಷ್ಟೇ.

ಅಕ್ಕ ಹೇಳಿದ ಮಾತು ಬೈಬಲಿನಲ್ಲಿ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 6:14ರಲ್ಲಿದೆ. ಮುಂದಿನ ವಚನವನ್ನೂ ಓದಿ. ಹಾಗಾದರೆ ಪಾಪ ಮಾಡಬಹುದಾ ಎಂದು ಪೌಲನೇ ಕೇಳಿ, ಖಂಡಿತ ಕೂಡದು ಎನ್ನುತ್ತಾನೆ. ದೇವರ ಮುಂದೆ ನಾವು ನೀತಿವಂತರೆನಿಸಿಕೊಳ್ಳುವುದು ನಂಬಿಕೆಯಿಂದಲೇ. ಅದನ್ನು ಬಿಡಬೇಡಿ. ಆದರೆ ದೇವರು ಕ್ಷಮಿಸಿದ ಮಾತ್ರಕ್ಕೆ ಅಂಗಡಿಯವರ ನಷ್ಟ ತುಂಬುವುದಿಲ್ಲ, ಅಲ್ವಾ?

ಲೂಕನ ಸುವಾರ್ತೆ 19ನೇ ಅಧ್ಯಾಯದ ಜಕ್ಕಾಯನನ್ನು ನೆನೆಸಿಕೊಳ್ಳಿ. ಯೆರಿಕೋ ಊರಿನಲ್ಲಿ ಸುಂಕದವರಿಗೆ, ಅಂದರೆ ತೆರಿಗೆ ಎತ್ತುವವರಿಗೆಲ್ಲ ಮುಖ್ಯಸ್ಥ. ಯೇಸುವನ್ನು ನೋಡಲು ಮರ ಹತ್ತಿದ್ದ. ಮರದಿಂದ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಇರಬೇಕು ಅಂತ ಯೇಸು ಕರೆದದ್ದು ಮೊದಲು. ಮೋಸದಿಂದ ತಗೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಅಂತ ಅವನು ಹೇಳಿದ್ದು ಆಮೇಲೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಇಲ್ಲಿ ತುಂಬಾ ಮುಖ್ಯ. ನೀವು ಕೊಡುವ ದುಡ್ಡು ಕ್ಷಮೆಗೆ ಕಟ್ಟುವ ಬೆಲೆಯಲ್ಲ. ಕ್ಷಮೆ ಆಗಲೇ ಸಿಕ್ಕಿದೆ, ಅದಕ್ಕೇ ಧೈರ್ಯವಾಗಿ ಕೊಡಬಹುದು.

ಎಷ್ಟು ಕೊಡಬೇಕು? ತಪ್ಪು ಒಪ್ಪಿಕೊಂಡು, ಪೂರ್ತಿ ಮೊತ್ತಕ್ಕೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು ಅನ್ನುತ್ತದೆ ಬೈಬಲಿನ ಧರ್ಮಶಾಸ್ತ್ರ ಭಾಗದ ಅರಣ್ಯಕಾಂಡ 5:7. ನಿಮ್ಮ ಲೆಕ್ಕದಲ್ಲಿ 21,600 ರೂಪಾಯಿ. ಇದನ್ನು ಕಡ್ಡಾಯ ಅಂತ ನಾನು ಹೇಳಲಾರೆ. ಆದರೆ ಕಳೆದುಕೊಂಡವರ ಬಗ್ಗೆ ಆ ಶಾಸ್ತ್ರಕ್ಕೆ ಎಷ್ಟು ಕಾಳಜಿ ನೋಡಿ. ಧರ್ಮಶಾಸ್ತ್ರ ಅಂದರೆ ಬರೀ ಭಯ ಅನ್ನುವವರಿಗೆ ನಾನು ಈ ವಚನವನ್ನೇ ತೋರಿಸುತ್ತೇನೆ.

ಮೊದಲು ಗಂಡನಿಗೆ ಹೇಳಿ. ಒಬ್ಬರೇ ಹೋಗಬೇಡಿ, ಅವರನ್ನೋ ಸಭಾಪಾಲಕರನ್ನೋ ಕರೆದುಕೊಂಡು ಹೋಗಿ. ಒಟ್ಟಿಗೆ ಕೊಡಲು ಆಗದಿದ್ದರೆ ತಿಂಗಳಿಗಿಷ್ಟು ಅಂತ ಕೊಡಿ. ಹೆಸರಿಲ್ಲದ ಕವರ್ ಮಾತ್ರ ಇಟ್ಟು ಬರಬೇಡಿ. ನಿಮ್ಮ ಜೊತೆ ಕೆಲಸಕ್ಕಿದ್ದವರಲ್ಲಿ ಯಾರ ಮೇಲಾದರೂ ಅನುಮಾನ ಬಂದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ.

ಅಲ್ಲಿ ಅಮ್ಮನ ಕಾಯಿಲೆಯಿಂದ ಮಾತು ಶುರು ಮಾಡಬೇಡಿ. ‘ತೆಗೆದದ್ದು ನಾನೇ’ ಅಂತ ಶುರು ಮಾಡಿ. ಬೈದರೆ ಕೇಳಿಸಿಕೊಳ್ಳಿ. ಯಾಕೆ ಅಂತ ಅವರೇ ಕೇಳಿದರೆ ಆಗ ಅಮ್ಮನ ವಿಷಯ ಹೇಳಿ.