ಟಿಎಸ್‌ಎಚ್ ಇಳಿಯದಿದ್ದರೆ ಡೋಸ್ ಏರಿಸುವ ಮೊದಲು ಬೆಳಗಿನ ಕಾಫಿ ನೋಡಿ

ನೀವು ಬರೆದದ್ದು: ವಯಸ್ಸು 31, ತೂಕ 58 ಕೆಜಿ, ಕೊಡಗಿನ ಸುಂಟಿಕೊಪ್ಪದ ಹತ್ತಿರ ಮನೆ. ಥೈರಾಯ್ಡ್ ಟೆಸ್ಟಿನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) 8.6, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) 1.0, ಆ್ಯಂಟಿ ಟಿಪಿಒ (ಗ್ರಂಥಿಯ ವಿರುದ್ಧದ ಆ್ಯಂಟಿಬಾಡಿ) 600ರ ಮೇಲೆ. ಎರಡು ತಿಂಗಳು ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) 50 ಮೈಕ್ರೋಗ್ರಾಂ ತೆಗೆದುಕೊಂಡರೂ ಟಿಎಸ್‌ಎಚ್ 7.9ಕ್ಕೆ ಬಂದು ನಿಂತಿದೆ. ಸುಸ್ತು, ಕೂದಲು ಉದುರುವುದು ಹಾಗೇ ಇದೆ, ಕೂದಲಿಗೆ ಬೇರೆ ಮಾತ್ರೆಯೂ ನಡೆಯುತ್ತಿದೆ. ಮುಂದಿನ ವರ್ಷ ಮಗು ಬೇಕು. ಮೈಸೂರಿಗೆ ಹೋಗಿ ದೊಡ್ಡ ಟೆಸ್ಟ್ ಮಾಡಿಸಬೇಕೇ, ಮಾತ್ರೆ ಜೀವನಪೂರ್ತಿಯೇ, ಪಥ್ಯವೇನು ಎಂದು ಕೇಳಿದ್ದೀರಿ.

ಕಾಯಿಲೆ ಯಾವುದು ಎಂದು ತಿಳಿಯಲು ಇನ್ನು ಯಾವ ಟೆಸ್ಟೂ ಬೇಡ. ಇದು ಹಾಶಿಮೊಟೊ ಥೈರಾಯ್ಡೈಟಿಸ್. ಜಪಾನಿನ ಶಸ್ತ್ರವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಮೊದಲು ವಿವರಿಸಿದ್ದರಿಂದ ಆ ಹೆಸರು. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ನಿಧಾನವಾಗಿ ಹಾಳುಮಾಡುತ್ತದೆ. ಗ್ರಂಥಿ ಸೋಲುತ್ತಾ ಬಂದಂತೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಹೆಚ್ಚು ಟಿಎಸ್‌ಎಚ್ ಬಿಟ್ಟು ಅದರಿಂದ ಕೆಲಸ ತೆಗೆಯಲು ನೋಡುತ್ತದೆ. ನಿಮ್ಮ ಫ್ರೀ ಟಿ4 ಇನ್ನೂ ಮಿತಿಯೊಳಗಿದೆ, ಅಂದರೆ ಇದು ಆರಂಭದ ಹಂತ. ಟಿಪಿಒ 600 ಇರಲಿ, 1300 ಇರಲಿ, ಅರ್ಥ ಒಂದೇ. ಅದನ್ನು ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ, ಅದರ ಅಂಕಿ ನೋಡಿ ಯಾರೂ ಡೋಸ್ ನಿರ್ಧರಿಸುವುದಿಲ್ಲ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗದಿದ್ದರೆ ಸ್ಕ್ಯಾನ್ ಕೂಡ ಬೇಡ.

ನನಗೆ ಅನುಮಾನ ಇರುವುದು ಮಾತ್ರೆ ನುಂಗುವ ರೀತಿಯ ಮೇಲೆ. 50 ಮೈಕ್ರೋಗ್ರಾಂ ಸರಿಯಾಗಿ ರಕ್ತಕ್ಕೆ ಸೇರಿದ್ದರೆ ನಿಮ್ಮ ಹಂತದಲ್ಲಿ ಟಿಎಸ್‌ಎಚ್ ಇದಕ್ಕಿಂತ ಎಷ್ಟೋ ಕೆಳಗೆ ಬರಬೇಕಿತ್ತು. ಖಾಲಿ ಹೊಟ್ಟೆಯಲ್ಲೂ ಥೈರಾಕ್ಸಿನ್ ಪೂರ್ತಿ ಹೀರಿಕೊಳ್ಳುವುದಿಲ್ಲ, ಸುಮಾರು 70ರಿಂದ 80 ಶೇಕಡಾ ಅಷ್ಟೆ. ಅದರ ಜೊತೆಗೆ ಕಾಫಿ ಹೋದರೆ ಇನ್ನೂ ಇಳಿಯುತ್ತದೆ. ನಮ್ಮ ಕಡೆ ಹಾಸಿಗೆ ಬಿಟ್ಟೇಳುವ ಮೊದಲೇ ಕಾಫಿ ಬೇಕು. ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಬೆಲ್ಲದ ಕಾಫಿ ಕುಡಿದು, "ಖಾಲಿ ಹೊಟ್ಟೆಯಲ್ಲೇ ತಗೊಂಡೆ" ಎನ್ನುವವರೇ ಹೆಚ್ಚು. ಹಾಲಿಲ್ಲದ ಕಾಫಿಯಾದರೂ ಅದು ಕಾಫಿಯೇ. ಮಾತ್ರೆ ಬರೀ ನೀರಿನಲ್ಲಿ ನುಂಗಿ, ಕಾಫಿಗೆ ಒಂದು ಗಂಟೆ ಬಿಡಿ. ತಿಂಡಿಯೂ ಆಮೇಲೆ.

ತೋಟದ ಕೆಲಸಕ್ಕೆ ಬೇಗ ಹೊರಡಬೇಕು, ಒಂದು ಗಂಟೆ ಕಾಯಲಾಗದು ಅನ್ನುವುದಾದರೆ ರಾತ್ರಿಗೆ ಬದಲಿಸಿ: ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮೊದಲು. ಹೀಗೆ ತೆಗೆದುಕೊಂಡರೂ ಬೆಳಗಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ದಿನಕ್ಕೊಂದು ಹೊತ್ತು ಬೇಡ.

ಎರಡನೇ ಅಡ್ಡಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ. ಎರಡೂ ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತವೆ. ನಾಲ್ಕು ಗಂಟೆಯ ಅಂತರ ಬೇಕು. ಬೆಳಗ್ಗೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನ ಊಟದ ಹೊತ್ತಿಗೆ ಕಬ್ಬಿಣ, ರಾತ್ರಿ ಕ್ಯಾಲ್ಸಿಯಂ ಎಂದು ಹಂಚಿಕೊಳ್ಳಿ. ಗ್ಯಾಸ್‌ಗೆಂದು ದಿನವೂ ಪ್ಯಾಂಟೊಪ್ರಜೋಲ್ ನುಂಗುವವರಿಗೂ ಥೈರಾಕ್ಸಿನ್ ಕಡಿಮೆ ಹತ್ತುತ್ತದೆ. ಅದು ನಡೆಯುತ್ತಿದ್ದರೆ ಡಾಕ್ಟರಿಗೆ ಹೇಳಿ.

ಮೂರನೆಯದು ನಿಮ್ಮ ಕೂದಲಿನ ಮಾತ್ರೆ. ಅದರ ಹಿಂಭಾಗ ಓದಿ, ಬಯೋಟಿನ್ ಎಂಬ ವಿಟಮಿನ್ 5 ಅಥವಾ 10 ಮಿಲಿಗ್ರಾಂ ಎಂದಿರುವ ಸಾಧ್ಯತೆ ಹೆಚ್ಚು. ಅದು ಗ್ರಂಥಿಗೆ ಏನೂ ಮಾಡುವುದಿಲ್ಲ, ಆದರೆ ಅನೇಕ ಲ್ಯಾಬ್‌ಗಳ ಯಂತ್ರವನ್ನು ಮೋಸಗೊಳಿಸುತ್ತದೆ: ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಫ್ರೀ ಟಿ4 ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂದರೆ ನಿಮ್ಮ ನಿಜವಾದ ಟಿಎಸ್‌ಎಚ್ 7.9ಕ್ಕಿಂತ ಮೇಲೂ ಇರಬಹುದು. ರಕ್ತ ಕೊಡುವ ಮೂರು ದಿನ ಮೊದಲೇ ನಿಲ್ಲಿಸಿ. ಪೂರ್ತಿ ಬಿಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಮಳೆಗಾಲ. ಥೈರಾಕ್ಸಿನ್‌ಗೆ ತೇವ, ಬಿಸಿ, ಬೆಳಕು ಮೂರೂ ಆಗುವುದಿಲ್ಲ. ಕರಡಿಗೆಯ ಉಪ್ಪೇ ನೀರಾಗುವ ಜೂನ್, ಜುಲೈಯಲ್ಲಿ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಳಗಿರುವ ತೇವ ಹೀರುವ ಪೊಟ್ಟಣ ಎಸೆಯಬೇಡಿ. ತೇವಕ್ಕೆ ಹೆದರಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬಿಸಿಗೆ ಕೆಡುತ್ತದೆ. ಮಲಗುವ ಕೋಣೆಯ ಕಪಾಟು ಸಾಕು. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಎಲ್ಲದರಲ್ಲೂ ಇರುವುದು ಒಂದೇ ಔಷಧಿ, ಆದರೂ ಒಂದೇ ಕಂಪನಿಯದ್ದನ್ನು ಮುಂದುವರಿಸಿ. ಬದಲಾಯಿಸಿದರೆ ಆರು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಒಂದು ದಿನ ಮರೆತರೆ ಗಾಬರಿ ಬೇಡ. ಇದರ ಅರ್ಧಾಯುಷ್ಯ (ದೇಹದಲ್ಲಿ ಅರ್ಧದಷ್ಟು ಕರಗಲು ಬೇಕಾದ ಸಮಯ) ಸುಮಾರು ಏಳು ದಿನ, ಮರುದಿನ ಎರಡು ತೆಗೆದುಕೊಂಡರೆ ಸರಿಹೋಗುತ್ತದೆ. ಟಿಎಸ್‌ಎಚ್ ಅನ್ನು ಆರು ವಾರಕ್ಕೂ ಮೊದಲು ಮಾಡಿಸಿದರೆ ಉಪಯೋಗವಿಲ್ಲ ಎನ್ನುವುದಕ್ಕೂ ಇದೇ ಕಾರಣ.

ಹಾಗಾಗಿ ಈಗಲೇ 75ಕ್ಕೆ ಏರಿಸುವ ಆತುರ ಬೇಡವೆಂದು ನಾನು ಹೇಳುತ್ತೇನೆ. ಕಾಫಿ ಹಾಗೇ ಇಟ್ಟು ಡೋಸ್ ಏರಿಸಿ, ಮುಂದೊಂದು ದಿನ ಕಾಫಿ ಸರಿಮಾಡಿದರೆ ಅದೇ ಡೋಸ್ ವಿಪರೀತವಾಗುತ್ತದೆ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ವರ್ಷಗಟ್ಟಲೆ ಹಾಗೆ ನಡೆದರೆ ಮೂಳೆ ಸವೆಯುತ್ತದೆ. ಗ್ರಂಥಿ ಪೂರ್ತಿ ಸೋತವರಿಗೇ ಕೆಜಿಗೆ 1.6 ಮೈಕ್ರೋಗ್ರಾಂ ಲೆಕ್ಕ, ನಿಮ್ಮ ತೂಕಕ್ಕೆ ಸುಮಾರು 93. ನಿಮ್ಮ ಗ್ರಂಥಿ ಇನ್ನೂ ಕೆಲಸ ಮಾಡುತ್ತಿದೆ. ಡಾಕ್ಟರಿಗೆ ವಿಷಯ ತಿಳಿಸಿ, 50ನ್ನೇ ಆರು ವಾರ ಸರಿಯಾಗಿ ತೆಗೆದುಕೊಂಡು, ಅದೇ ಲ್ಯಾಬ್‌ನಲ್ಲಿ ಬೆಳಗ್ಗೆ ಮಾತ್ರೆಗೆ ಮೊದಲು ರಕ್ತ ಕೊಡಿ. ಥೈರಾಯ್ಡ್‌ಗೆ ಟಿಎಸ್‌ಎಚ್, ಫ್ರೀ ಟಿ4 ಎರಡೇ ಸಾಕು. ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಆಗುತ್ತದೆ.

ಆಗಲೂ ಇಳಿಯದಿದ್ದರೆ ಮೈಸೂರಿನ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗುವುದು ಸಾರ್ಥಕ. ಗೋಧಿ ಕರುಳಿಗೆ ಒಗ್ಗದ ಸೀಲಿಯಾಕ್ ಕಾಯಿಲೆಗೆ ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ, ಜಠರದ ತೊಂದರೆಗೆ ಬಿ12 ನೋಡುತ್ತಾರೆ, ಹಾಶಿಮೊಟೊ ಜೊತೆ ಇವೆರಡೂ ಬರುವುದುಂಟು. ಒಂದು ಸಂದರ್ಭದಲ್ಲಿ ಮಾತ್ರ ಆರು ವಾರ ಕಾಯಬೇಡಿ: ತೂಕ ಇಳಿಯುತ್ತಾ, ಎದ್ದು ನಿಂತರೆ ತಲೆ ಸುತ್ತಿ, ವಾಂತಿ ಬಂದು, ಮೈಬಣ್ಣ ಕಪ್ಪಾಗುತ್ತಿದ್ದರೆ ಅಡ್ರಿನಲ್ ಗ್ರಂಥಿಯೂ ಸೋತಿರಬಹುದು. ಬೆಳಗ್ಗೆ ಎಂಟರ ಹೊತ್ತಿನ ಕಾರ್ಟಿಸಾಲ್ (ಅಡ್ರಿನಲ್‌ನ ಹಾರ್ಮೋನ್) ನೋಡದೆ ಥೈರಾಕ್ಸಿನ್ ಏರಿಸಿದರೆ ಜೀವಕ್ಕೇ ಅಪಾಯ. ಅಪರೂಪ, ಆದರೂ ಗೊತ್ತಿರಲಿ.

ಮಗುವಿನ ವಿಷಯ. ಟಿಎಸ್‌ಎಚ್ 2.5ರ ಒಳಗೆ ಬಂದ ಮೇಲೆ ಪ್ರಯತ್ನಿಸಿ. ಮುಟ್ಟು ನಿಂತು ಪರೀಕ್ಷೆ ಪಾಸಿಟಿವ್ ಆದ ದಿನವೇ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಮಾಡಿಕೊಳ್ಳುವುದು ರೂಢಿ. ಇದಕ್ಕೆ ಡಾಕ್ಟರ ಒಪ್ಪಿಗೆಯನ್ನು ಈಗಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಮೊದಲ ವಾರಗಳಲ್ಲಿ ಮಗುವಿಗೆ ತಾಯಿಯ ಥೈರಾಕ್ಸಿನ್ನೇ ಆಧಾರ, ಅಪಾಯಿಂಟ್‌ಮೆಂಟಿಗೆ ಕಾದು ಕೂರಲಾಗದು. ಅರ್ಧ ಗರ್ಭಾವಧಿಯವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ಮಾಡಿಸಬೇಕು. ಹೆರಿಗೆಯಾದ ಮೇಲೆ ಹಳೆಯ ಡೋಸ್, ಆರು ವಾರಕ್ಕೆ ಮತ್ತೆ ರಕ್ತ.

ಜೀವನಪೂರ್ತಿಯೇ? ಬಹುಶಃ ಹೌದು. ಈ ಮಟ್ಟದ ಟಿಎಸ್‌ಎಚ್ ಕೆಲವರಿಗೆ ತಾನಾಗಿ ಇಳಿಯುವುದುಂಟು. ಆದರೆ ಇಂಗ್ಲೆಂಡಿನ ವಿಕ್‌ಹ್ಯಾಮ್‌ನಲ್ಲಿ ಜನರನ್ನು 20 ವರ್ಷ ಗಮನಿಸಿದಾಗ, ಟಿಎಸ್‌ಎಚ್ ಏರಿ ಆ್ಯಂಟಿಬಾಡಿಯೂ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ನಾಲ್ವರಂತೆ ಪೂರ್ತಿ ಹೈಪೋಥೈರಾಯ್ಡ್‌ಗೆ (ಗ್ರಂಥಿ ಸೋತ ಸ್ಥಿತಿಗೆ) ಜಾರಿದ್ದರು. ಮಗು ಬೇಕೆನ್ನುವಾಗ ನಿಲ್ಲಿಸಿ ನೋಡುವ ಪ್ರಯೋಗ ಬೇಡ. ಗ್ರಂಥಿ ತಯಾರಿಸುವ ಹಾರ್ಮೋನೇ ಮಾತ್ರೆಯಲ್ಲೂ ಇರುವುದು, "ಅಭ್ಯಾಸ ಹಿಡಿಯುತ್ತದೆ" ಎಂಬ ಮಾತಿಗೆ ಅರ್ಥವಿಲ್ಲ.

ಪಥ್ಯ ಬಹಳ ಕಡಿಮೆ. ಸೀಲಿಯಾಕ್ ಇಲ್ಲದಿದ್ದರೆ ಗೋಧಿ ಬಿಡಬೇಕಿಲ್ಲ. ಬಿಡಬೇಕೆಂದರೂ ಕಡಂಬುಟ್ಟು, ನೂಪುಟ್ಟು, ಅಕ್ಕಿ ರೊಟ್ಟಿ ತಿನ್ನುವವರಿಗೆ ಕಷ್ಟವೇನು! ಬೇಯಿಸಿದ ಎಲೆಕೋಸು ತಿನ್ನಿ. ಬೈಂಬಳೆಯಲ್ಲಿ (ಎಳೆ ಬಿದಿರು, ಕಳಲೆ) ಥೈರಾಯ್ಡ್‌ಗೆ ಅಡ್ಡಿಯಾಗುವ ಅಂಶ ನಿಜಕ್ಕೂ ಇದೆ, ಆದರೆ ಹಿರಿಯರು ಮಾಡಿದಂತೆ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿದ ನೀರು ಚೆಲ್ಲಿದರೆ ಬಹುಪಾಲು ಹೋಗುತ್ತದೆ. ಮಳೆಗಾಲದಲ್ಲಿ ನಾಲ್ಕು ಸಲ ತಿಂದರೆ ಏನಾಗದು. ಅಯೋಡಿನ್ ಉಪ್ಪು ಎಂದಿನಂತಿರಲಿ. ಸಮುದ್ರಪಾಚಿಯ ಕ್ಯಾಪ್ಸೂಲ್ ಮಾತ್ರ ಮುಟ್ಟಬೇಡಿ, ಅತಿಯಾದ ಅಯೋಡಿನ್ ಈ ಕಾಯಿಲೆಯನ್ನು ಕೆರಳಿಸುತ್ತದೆ.

ಸುಸ್ತು, ಕೂದಲು ಎರಡಕ್ಕೂ ಥೈರಾಯ್ಡ್ ಒಂದನ್ನೇ ದೂರಬೇಡಿ. ಮುಂದಿನ ಸಲ ರಕ್ತ ಕೊಡುವಾಗ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ಹೇಳುವ ಟೆಸ್ಟ್) ಎರಡನ್ನೂ ಸೇರಿಸಿ. ಫೆರಿಟಿನ್ ಕಡಿಮೆ ಇದ್ದರೆ ಟಿಎಸ್‌ಎಚ್ ಸರಿಯಾದರೂ ಕೂದಲು ಉದುರುತ್ತಲೇ ಇರುತ್ತದೆ.