ಕಥೆ ಬರೆಯೋಕೆ ಸಾಹಿತ್ಯದ ತಂತ್ರಗಳನ್ನೆಲ್ಲ ಕಲಿಯಬೇಕಾ? ಯಾವುದರಿಂದ ಶುರು ಮಾಡಲಿ?

ಕಥೆ ಬರೆಯೋಕೆ ಈಗಷ್ಟೇ ಕೈ ಹಾಕಿದ್ದೀರಿ. ಉಪಮೆ, ರೂಪಕ, ಸಂಕೇತ, ವ್ಯಂಗ್ಯ ಅಂತ ಉದ್ದದ ಪಟ್ಟಿ ನೋಡಿ ಗಾಬರಿಯಾಗಿದೆ, ಇದನ್ನೆಲ್ಲ ಕಲಿತ ಮೇಲೇ ಬರೆಯಬೇಕಾ ಅಂತ ಕೇಳಿದ್ದೀರಿ. ಬೇಡ. ಹೆಸರುಗಳು ಆಮೇಲೆ ಗೊತ್ತಾದರೂ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ತಂತ್ರಗಳು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಯಾವುದನ್ನು ಬಾಯಿಬಿಟ್ಟು ಹೇಳಬೇಕು, ಯಾವುದನ್ನು ಓದುವವರಿಗೆ ಬಿಡಬೇಕು?

ನನ್ನದೇ ಪೆಟ್ಟು ತಿಂದ ಕಥೆ ಹೇಳ್ತೀನಿ. ಕೆಲಸ ಕಳೆದುಕೊಂಡು, ಅದನ್ನು ಹೆಂಡತಿಗೆ ಹೇಳದೆ ಮುಚ್ಚಿಟ್ಟ ಒಬ್ಬನ ಬಗ್ಗೆ ಬರೆದಿದ್ದೆ. ಶುರು ಹೀಗಿತ್ತು: "ಬಿರುಗಾಳಿಗೆ ಸಿಕ್ಕ ದೋಣಿಯಂತೆ ಅವನ ಮನಸ್ಸು ಹೊಯ್ದಾಡುತ್ತಿತ್ತು. ದುಃಖ ಕಡಲಿನಂತೆ ಉಕ್ಕುತ್ತಿತ್ತು." ಓದಿದ ಸ್ನೇಹಿತರೊಬ್ಬರು ದೋಣಿಗೂ ಕಡಲಿಗೂ ಗೆರೆ ಎಳೆದು, ಪಕ್ಕದಲ್ಲಿ "ಇವನು ಬೆಳಗ್ಗೆ ಎದ್ದು ಏನ್ ಮಾಡ್ತಾನೆ?" ಅಂತ ಬರೆದು ವಾಪಸ್ ಕೊಟ್ಟರು. ಒಂದು ವಾರ ಸಿಟ್ಟಿನಲ್ಲೇ ಇದ್ದೆ. ಆಮೇಲೆ ತಿದ್ದಿದ್ದು ಇದು:

"ಅವನು ಎಂದಿನಂತೆ ಷರ್ಟಿಗೆ ಇಸ್ತ್ರಿ ಹಾಕಿದ. ಕಾಲರಿಗೆ ಎರಡು ಸಲ. ಹೊಸ್ತಿಲು ದಾಟುವಾಗ ಹಿಂದಿನಿಂದ ಅವಳ ದನಿ. 'ರೀ, ಬ್ಯಾಗ್ ಬಿಟ್ಟು ಹೊರಟ್ರಲ್ಲ!' ಅವನು ಥಟ್ಟನೆ ತಿರುಗಿದ. ಅವಳು ಎತ್ತಿಕೊಳ್ಳುವ ಮೊದಲೇ ಹೋಗಿ ಬ್ಯಾಗ್ ಹೆಗಲಿಗೆ ಹಾಕಿಕೊಂಡ."

ದುಃಖ ಅನ್ನೋ ಮಾತೇ ಇಲ್ಲ. ಬ್ಯಾಗ್ ಖಾಲಿ ಅಂತಲೂ ಹೇಳಿಲ್ಲ. ಆದರೆ ಅವನು ಅಷ್ಟು ಅವಸರ ಪಟ್ಟಿದ್ದು ಯಾಕೆ ಅಂತ ಓದುವವರೇ ಕೇಳಿಕೊಳ್ಳುತ್ತಾರೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಧ್ವನಿ ಅಂತ ಹೆಸರು. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಇದನ್ನೇ ಕಾವ್ಯದ ಜೀವಾಳ ಅಂದ. ಅಲಂಕಾರಶಾಸ್ತ್ರದವರು ಕೊಡುವ ಒಂದು ಹಳೆಯ ಉದಾಹರಣೆ ನನಗೆ ಬಹಳ ಇಷ್ಟ: "ಸೂರ್ಯ ಮುಳುಗಿದ." ಅಷ್ಟೇ ವಾಕ್ಯ. ದನ ಕಾಯುವವನಿಗೆ ಅದು ಹಸುಗಳನ್ನು ಹಟ್ಟಿಗೆ ಹೊಡೆಯುವ ಹೊತ್ತು. ವ್ಯಾಪಾರಿಗೆ ಸಾಮಾನು ಕಟ್ಟಿಡುವ ಹೊತ್ತು. ಗುಟ್ಟಾಗಿ ಪ್ರಿಯನನ್ನು ಕಾಣಲು ಹೊರಟವಳಿಗೆ ಹೊರಡುವ ಹೊತ್ತು. ವಾಕ್ಯ ಬದಲಾಗಲಿಲ್ಲ, ಕೇಳುವ ಕಿವಿ ಬದಲಾಯಿತು. ಹೊಸ ಪುಸ್ತಕಗಳು "ಹೇಳಬೇಡಿ, ತೋರಿಸಿ" ಅಂತ ಜಾಸ್ತಿ ಸದ್ದು ಮಾಡುತ್ತವೆ. ನನಗೆ ಈ ಒಂದು ವಾಕ್ಯದಿಂದ ಹೆಚ್ಚು ಅರ್ಥವಾಯಿತು.

ಈಗ ಅದೇ ದೃಶ್ಯದಲ್ಲಿ ಒಂದು ಆಟ ಆಡಿ ನೋಡಿ. ಅವನ ಕೆಲಸ ಹೋಗಿದೆ ಅಂತ ಓದುಗರಿಗೆ ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ? ಆಗ ಇಸ್ತ್ರಿ ಪೆಟ್ಟಿಗೆಯೂ ಎದೆ ಹಿಂಡುತ್ತದೆ. ನಮಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ. ಇದು ನಾಟಕೀಯ ವ್ಯಂಗ್ಯ. ಕೊನೆಯಲ್ಲಿ ಹೇಳಿದರೆ ಅದು ಅಚ್ಚರಿ. ಚಿತ್ರ ನಿರ್ದೇಶಕ ಹಿಚ್‌ಕಾಕ್ ಇದನ್ನು ಬಾಂಬಿನ ಉದಾಹರಣೆ ಕೊಟ್ಟು ವಿವರಿಸುತ್ತಿದ್ದರು. ಇಬ್ಬರು ಕೂತು ಹರಟುತ್ತಿರುವಾಗ ಮೇಜಿನ ಕೆಳಗಿನ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ನೋಡುವವರಿಗೆ 15 ಸೆಕೆಂಡಿನ ಬೆಚ್ಚು. ಬಾಂಬು ಇರೋದು ಮೊದಲೇ ಗೊತ್ತಿದ್ದರೆ ಅದೇ ಸಪ್ಪೆ ಹರಟೆ 15 ನಿಮಿಷ ಉಸಿರು ಬಿಗಿಹಿಡಿಸುತ್ತದೆ. ಹೊಸಬರು ಅಚ್ಚರಿಗೇ ಬೀಳುತ್ತಾರೆ, ನಾನೂ ಬಿದ್ದಿದ್ದೆ. ಎರಡನೇ ಸಲ ಓದಿಸಿಕೊಳ್ಳುವ ಕಥೆಗಳಲ್ಲಿ ಮಾತ್ರ ಮೊದಲೇ ಹೇಳುವ ದಾರಿಯೇ ಜಾಸ್ತಿ ಅಂತ ನನ್ನ ಅನಿಸಿಕೆ.

ಬ್ಯಾಗಿನ ವಿಷಯಕ್ಕೆ ಇನ್ನೊಂದು ಮಾತು. ರಷ್ಯದ ಕಥೆಗಾರ ಚೆಕಾವ್ 1889ರ ಒಂದು ಪತ್ರದಲ್ಲಿ, ಗುಂಡು ಹಾರಿಸುವ ಯೋಚನೆ ಯಾರಿಗೂ ಇಲ್ಲದಿದ್ದರೆ ತುಂಬಿದ ಬಂದೂಕನ್ನು ರಂಗದ ಮೇಲೆ ಇಡಬೇಡಿ ಅಂತ ಬರೆದಿದ್ದ. ನನ್ನ ಬ್ಯಾಗೂ ಹಾಗೆ, ಮುಂದೆ ಎಲ್ಲೋ ಮತ್ತೆ ಬರಲೇಬೇಕು. ಆದರೆ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಕಥೆ ಒಣಗುತ್ತದೆ. ಸುಮ್ನೆ ಇರೋ ನಾಲ್ಕು ವಸ್ತುಗಳೂ ಬೇಕು, ಇಲ್ಲದಿದ್ದರೆ ಬ್ಯಾಗ್ ಕಂಡ ತಕ್ಷಣ ಓದುಗರು "ಓ, ಇದೇ" ಅಂದುಬಿಡುತ್ತಾರೆ.

ಉಪಮೆ, ರೂಪಕಗಳ ಬಗ್ಗೆ ಜಾಸ್ತಿ ಹೇಳಲ್ಲ, ಶಾಲೆಯಲ್ಲೇ ಓದಿರ್ತೀರಿ. ಸೂಜಿಯ ಕಣ್ಣು, ಬಾಟಲಿಯ ಕತ್ತು, ಮೇಜಿನ ಕಾಲು, ಇವೆಲ್ಲ ಒಂದು ಕಾಲದ ರೂಪಕಗಳೇ. ಈಗ ಯಾರ ಕಣ್ಣಿಗೂ ಬೀಳಲ್ಲ, ಹಾಗಾಗಿ ತೊಂದರೆಯಿಲ್ಲ. ತೊಂದರೆ ಕೊಡೋದು ಅರ್ಧ ಸತ್ತವು, ನನ್ನ ದೋಣಿಯಂಥವು. ಪ್ರಾಸ, ಅನುಪ್ರಾಸ ಗದ್ಯದಲ್ಲಿ ತಾನಾಗಿ ಬಂದರೆ ಸರಿ, ಹುಡುಕಿಕೊಂಡು ಹೋಗಬೇಡಿ.

ಪಟ್ಟಿಗಳಲ್ಲಿ ಸಿಗದ ಒಂದನ್ನು ಮಾತ್ರ ಬಿಡಲಾರೆ. ಕನ್ನಡದಲ್ಲಿ ಕ್ರಿಯಾಪದವೇ ಒಂದು ತಂತ್ರ. "ಅಪ್ಪ ಬಂದ" ಅಂತ ಬರೀತೀರೋ, "ಅಪ್ಪ ಬಂದರು" ಅಂತಲೋ? ಅಷ್ಟರಲ್ಲೇ ಹೇಳುವವನಿಗೂ ಅಪ್ಪನಿಗೂ ಎಷ್ಟು ದೂರ, ಎಷ್ಟು ಸಲಿಗೆ, ಎಷ್ಟು ಹೆದರಿಕೆ ಅಂತ ಗೊತ್ತಾಗುತ್ತದೆ. ಇಡೀ ಕಥೆ "ಬಂದರು, ಕೂತರು, ಕೇಳಿದರು" ಅಂತ ಸಾಗಿ, ಕೊನೆಯ ಪುಟದಲ್ಲಿ "ಎದ್ದು ಹೋದ" ಅಂತ ಬಂತು ಅಂದುಕೊಳ್ಳಿ. ಏನೋ ಮುರಿದಿದೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಆದರೆ ಗಮನವಿಲ್ಲದೆ ಹಾಗೆ ಬದಲಾದರೆ ಅದು ಬರೀ ತಪ್ಪು. ನಾನೀಗ ಮೊದಲ ವಾಕ್ಯಕ್ಕೂ ಮುಂಚೆ ತೀರ್ಮಾನ ಮಾಡಿಕೊಳ್ಳೋದು ಇದನ್ನೇ: ಹೇಳುವವರು ಯಾರು, ಯಾರನ್ನು ಅವನು ಅನ್ನುತ್ತಾರೆ, ಯಾರನ್ನು ಅವರು ಅನ್ನುತ್ತಾರೆ.

ಹಾಗಾಗಿ ನೀವು ಶುರು ಮಾಡೋದಾದರೆ, ಬರೆದಿಟ್ಟ ಒಂದು ಪುಟ ತೆಗೆದು ಅದರಲ್ಲಿ ಭಾವನೆಯ ಹೆಸರು ಹೇಳುವ ಪದಗಳಿಗೆಲ್ಲ ಗೆರೆ ಎಳೆಯಿರಿ. ಆ ಜಾಗದಲ್ಲಿ ಆ ಮನುಷ್ಯನ ಕೈಗೆ ಏನಾದರೂ ಕೆಲಸ ಕೊಡಿ. ಎಲ್ಲ ಕಡೆ ಒಪ್ಪಲ್ಲ. ಕೆಲವು ಕಡೆ "ಅವನಿಗೆ ಭಯವಾಯಿತು" ಅನ್ನೋದೇ ಚೆನ್ನಾಗಿರುತ್ತದೆ, ಅದನ್ನು ಅಲ್ಲೇ ಬಿಡಿ.

ನನ್ನ ಆ ಕಥೆ ಇನ್ನೂ ಮುಗಿದಿಲ್ಲ. ಸಂಜೆ ಅವನು ವಾಪಸ್ ಬರುತ್ತಾನೆ. ಅವನು ಚಪ್ಪಲಿ ಬಿಡುವಾಗ ಅವಳು ಹೆಗಲಿನ ಬ್ಯಾಗ್ ತೆಗೆದುಕೊಂಡು, ಒಂದು ಕ್ಷಣ ಕೈಯಲ್ಲೇ ಹಿಡಿದು, ಮೊಳೆಗೆ ನೇತು ಹಾಕುತ್ತಾಳೆ. ಏನೂ ಮಾತಾಡುವುದಿಲ್ಲ. ಆ ಒಂದು ಕ್ಷಣವನ್ನು ಇಡಲೋ ತೆಗೆಯಲೋ ಅಂತ ಮೂರು ತಿಂಗಳಿಂದ ಒದ್ದಾಡ್ತಿದ್ದೀನಿ.